ಬೇಸ್‌ಬಾಲ್ ಲಕೋಟೆ: ಹಳೇ ಜಾಹೀರಾತಿನದ್ದೋ, 1939ರದ್ದೋ?

ಬೇಸ್‌ಬಾಲ್ ಚಿತ್ರವಿರುವ ಹಳೇ ಅಂಚೆ ಲಕೋಟೆಗಳ ಸಂಗ್ರಹ ಈಗಷ್ಟೇ ಶುರು ಮಾಡುತ್ತಿದ್ದರೆ 1939ರ ಲಕೋಟೆಯೇ ಸಾಕು. ಆ ವರ್ಷ ಜೂನ್ 12ರಂದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ಶತಮಾನೋತ್ಸವದ 3 ಸೆಂಟ್ ಅಂಚೆಚೀಟಿ ಬಂತು. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಸಂಗ್ರಹಾಲಯ ಹಾಲ್ ಆಫ್ ಫೇಮ್‌ನ ಉದ್ಘಾಟನೆಯೂ ಅವತ್ತೇ. ಚೀಟಿ ಬಿಡುಗಡೆಯಾದ ದಿನದ್ದೇ ಅಂಚೆ ಮುದ್ರೆ ಬಿದ್ದ ಲಕೋಟೆಗಳು ರಾಶಿ ರಾಶಿ ಇವೆ, ಹಾಗಾಗಿ ಜೇಬಿಗೆ ಭಾರ ಆಗಲ್ಲ. ಎಡಬದಿಯ ಚಿತ್ರ ಮಾತ್ರ ಬೇರೆಬೇರೆ. (1839ರಲ್ಲಿ ಅಬ್ನರ್ ಡಬಲ್‌ಡೇ (ಮುಂದೆ ಅಮೆರಿಕದ ಸೇನಾಧಿಕಾರಿಯಾದವನು) ಈ ಆಟ ಕಂಡುಹಿಡಿದ ಅನ್ನೋದು ಬರೀ ಕಟ್ಟುಕತೆ. ಚೀಟಿ ಬಂದಿದ್ದೇ ಆ ಕತೆ ನಂಬಿ!)

19ನೇ ಶತಮಾನದ ಜಾಹೀರಾತು ಲಕೋಟೆಗಳ ಗಮ್ಮತ್ತೇ ಬೇರೆ. ಆಟದ ಸಾಮಾನು ಮಾರುವವರು ಮೂಲೆಯಲ್ಲಿ ಬ್ಯಾಟು, ಚೆಂಡು, ಆಟಗಾರನ ಚಿತ್ರ ಅಚ್ಚು ಹಾಕಿಸಿ ವ್ಯವಹಾರದ ಪತ್ರ ಕಳಿಸುತ್ತಿದ್ದರು. ಓದಿದವರು ಲಕೋಟೆ ಎಸೆದುಬಿಡುತ್ತಿದ್ದರು, ಅದಕ್ಕೇ ಉಳಿದಿದ್ದು ಕಡಿಮೆ, ಬೆಲೆ ಜಾಸ್ತಿ. ಮೋಸವೂ ಇಲ್ಲೇ. ಅಂಚೆಯಲ್ಲಿ ಹೋಗಿಬಂದ, ಚಿತ್ರವಿಲ್ಲದ ಹಳೇ ಲಕೋಟೆಗೆ ಹೊಸದಾಗಿ ಚಿತ್ರ ಒತ್ತಿ ಮಾರುವವರಿದ್ದಾರೆ. ಭೂತಗನ್ನಡಿ ಹಿಡಿದು ನೋಡಿ: ಚಿತ್ರದ ಮಸಿ ಅಂಚೆ ಮುದ್ರೆಯ ಮೇಲೆ ಕೂತಿದ್ದರೆ ಬೇಡ. ಚೀಟಿಯನ್ನೂ ಗಮನಿಸಿ. 1883ರ ಅಕ್ಟೋಬರ್‌ನಲ್ಲಿ ಅಮೆರಿಕದ ಪತ್ರದ ದರ 3ರಿಂದ 2 ಸೆಂಟ್‌ಗೆ ಇಳಿಯಿತು, ಕಾಲ ಅಂದಾಜು ಮಾಡೋಕೆ ಅದು ಒಳ್ಳೇ ಸುಳಿವು.

ನಾನಾದರೆ ಹತ್ತು 1939ರವುಗಳ ಬದಲು ಹಳೇದು ಒಂದೇ ಕೊಳ್ಳುತ್ತೇನೆ, ಅಂಚು ಸ್ವಲ್ಪ ಹರಿದಿದ್ದರೂ ಸರಿ.