ಗಾಳಿ ತುಂಬುವ ಪಾಂಟೂನ್ ದೋಣಿ: ಶಿರಿಯ ಹೊಳೆಯಲ್ಲಿ ಮೂರು ವರ್ಷ

"ಎಂತ ಮಾಸ್ಟ್ರೇ, ಸೋಫಾ ನೀರಿಗೆ ಹಾಕಿದ್ರಾ?"

ಕಾಸರಗೋಡಿನ ಶಿರಿಯ ಹೊಳೆಗೆ ಮೊದಲ ದಿನ ದೋಣಿ ಇಳಿಸುವಾಗ ಕಡವಿನಲ್ಲಿದ್ದ ಇಚ್ಚ ಕೇಳಿದ್ದು ಹೀಗೆ. ಅವರು ಚಿಕ್ಕಂದಿನಿಂದ ಮರದ ದೋಣಿಯಲ್ಲಿ ಬಲೆ ಬೀಸುವವರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಉದ್ದದ ಎರಡು ಗಾಳಿ ಕೊಳವೆ, ಅದರ ಮೇಲೆ ಕಬ್ಬಿಣದ ಚೌಕಟ್ಟು, ನಡುವೆ ಒಂದು ಕುರ್ಚಿ, ಎರಡು ಬದಿಗೆ ಹುಟ್ಟು. ಪಾಂಟೂನ್ ದೋಣಿ ಅಂದರೆ ಇಷ್ಟೇ.

ನಾನು ತಗೊಂಡದ್ದು 2022ರ ಡಿಸೆಂಬರಿನಲ್ಲಿ. 9 ಅಡಿ ಉದ್ದ, 32 ಕೆಜಿ ತೂಕ, ಒಬ್ಬರಿಗೆ ಮಾತ್ರ ಜಾಗ. ಕಂಪನಿಯ ಹೆಸರು ಬೇಡ, ಇದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ.

ಮರದ ದೋಣಿ ಕಟ್ಟಿಹಾಕಲು ನನಗೆ ಹೊಳೆಬದಿಯಲ್ಲಿ ಜಾಗ ಇಲ್ಲ. ದಡದಿಂದ ಗಾಳ ಹಾಕೋಣ ಅಂದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಅಡ್ಡ. ಕಾಳಾಂಜಿ, ಕೆಂಬೇರಿ ಮೀನುಗಳು ಕೂರುವುದೂ ಆ ಬೇರುಗಳ ಸಂದಿನಲ್ಲೇ. ನೀರಿನ ಬದಿಯಿಂದಲೇ ಅಲ್ಲಿಗೆ ಹೋಗಬೇಕು. ಬಟ್ಟಲಿನ ಹಾಗಿರುವ ಮಾಮೂಲಿ ರಬ್ಬರ್ ದೋಣಿ ಅಗ್ಗಕ್ಕೆ ಸಿಗುತ್ತದೆ, ಸ್ನೇಹಿತನ ಹತ್ತಿರ ಒಂದು ಉಂಟು. ಅದರಲ್ಲಿ ಕಾಲು ಚಾಚಿ ತಳದಲ್ಲೇ ಕೂರಬೇಕು. ಅರ್ಧ ಗಂಟೆಯಲ್ಲಿ ಚಡ್ಡಿ ಒದ್ದೆ, ಒಂದು ಗಂಟೆಯಲ್ಲಿ ಸೊಂಟ ನೋವು. ಕಯಾಕ್ ತರಲು ಕಾರಿನ ಮೇಲೆ ಕ್ಯಾರಿಯರ್ ಬೇಕು. ಪಾಂಟೂನ್ ಬಿಚ್ಚಿದರೆ ಆಟೋದ ಹಿಂದಿನ ಸೀಟಿನಲ್ಲಿ ಹಿಡಿಯುತ್ತದೆ. ನಾನು ತೀರ್ಮಾನ ಮಾಡಿದ್ದು ಅದನ್ನು ನೋಡಿಯೇ.

ಕುರ್ಚಿ ಮಾತ್ರ ನಿಜಕ್ಕೂ ಸುಖ. ನೀರಿಗಿಂತ ಒಂದೂವರೆ ಅಡಿ ಎತ್ತರದಲ್ಲಿ ಕೂರುತ್ತೀರಿ, ಕಾಲು ನೀರಿನಲ್ಲಿ. ಕಾಲಿಗೆ ಫ್ಲಿಪ್ಪರ್ ಹಾಕಿಕೊಂಡರೆ ಹುಟ್ಟು ಮುಟ್ಟದೆ ಮೆಲ್ಲ ಹಿಂದಕ್ಕೆ ಸರಿಯಬಹುದು. ಎರಡೂ ಕೈ ಗಾಳಕ್ಕೆ ಬಿಡುವು. ಕರಿಮೀನಿಗೆ ಸಿಗಡಿ ಚುಚ್ಚಿ ಒಂದೇ ಕಡೆ ನಿಲ್ಲಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಗಾಳಿಯ ವಿಷಯ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಒಂದು ದಿನದ ಮರ್ಯಾದೆ ಉಳಿಯುತ್ತಿತ್ತು. ಈ ದೋಣಿ ನೀರನ್ನು ಹಿಡಿದುಕೊಳ್ಳುವುದಿಲ್ಲ, ನೀರಿನ ಮೇಲೆ ಸುಮ್ನೆ ಕೂರುತ್ತದೆ. ಮೊದಲ ಫೆಬ್ರವರಿಯಲ್ಲಿ ಅಳಿವೆ ಬದಿಯ ಕಡವಿನಿಂದ ಇಳಿದು ಮೂಡಕ್ಕೆ ಹೋಗಿದ್ದೆ. ಹನ್ನೊಂದು ಗಂಟೆಗೆ ಕಡಲ ಗಾಳಿ ಎದ್ದಿತು. ನೀರು ಇಳಿತದಲ್ಲಿತ್ತು, ಅಂದರೆ ಪಡುವಣಕ್ಕೆ ಹರಿಯುತ್ತಿತ್ತು. ನೀರೇ ಕರೆದುಕೊಂಡು ಹೋಗುತ್ತದೆ ಅಂತ ನನ್ನ ಲೆಕ್ಕ. ಗಾಳಿ ಒಪ್ಪಲಿಲ್ಲ. ನಾಲ್ಕು ಸಲ ಹುಟ್ಟು ಎಳೆದು ಉಸಿರು ತಗೊಳ್ಳುವಷ್ಟರಲ್ಲಿ ಮೂರು ಎಳೆತದ ದಾರಿ ವಾಪಸ್. ಅರ್ಧ ಕಿಲೋಮೀಟರ್ ಕೂಡ ಇಲ್ಲದ ದೂರಕ್ಕೆ ಒಂದು ಗಂಟೆ ಜಗ್ಗಾಡಿದೆ. ಕೊನೆಗೆ ಇಚ್ಚ ಬಂದು ಹಗ್ಗ ಎಸೆದರು. ಬೈಯಲಿಲ್ಲ, ನಗಲೂ ಇಲ್ಲ. ಅದೇ ಜಾಸ್ತಿ ನಾಚಿಕೆ.

ಈಗ ಮೂಡು ಬದಿಯ ಕಡವಿನಿಂದಲೇ ಇಳಿಯುತ್ತೇನೆ. ಬೆಳಗ್ಗೆ ಗಾಳಿ ಇಲ್ಲದಾಗ ಪಡುವಣಕ್ಕೆ ಹುಟ್ಟು ಹಾಕಿಕೊಂಡು ಹೋಗುವುದು, ಹನ್ನೊಂದರ ನಂತರ ಕಡಲ ಗಾಳಿಯೇ ಮನೆಗೆ ತಂದು ಬಿಡುತ್ತದೆ. ಎರಡು ಕೆಜಿಯ ಲಂಗರು ಯಾವಾಗಲೂ ಜೊತೆಗಿರಲಿ. ದೋಣಿ ಒಳಗೆ ಅಗತ್ಯಕ್ಕಿಂತ ಜಾಸ್ತಿ ಸಾಮಾನು ಬೇಡ. 160 ಕೆಜಿ ತಡೆಯುತ್ತದೆ ಅಂತ ಬರೆದಿದ್ದಾರೆ. 78 ಕೆಜಿಯ ನಾನು ಐಸ್ ಪೆಟ್ಟಿಗೆ, ಲಂಗರು, ನೀರು ಎಲ್ಲ ಇಟ್ಟುಕೊಂಡು ಕೂತರೆ 100 ದಾಟುತ್ತದೆ. ಆಗಲೇ ಹುಟ್ಟು ಭಾರ ಅನಿಸಲು ಶುರು.

ಬಿಸಿಲಿನದ್ದು ಇನ್ನೊಂದು ಕಥೆ. ಬೆಳಗ್ಗೆ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿ, ಹತ್ತು ಗಂಟೆಗೆ ದೋಣಿಯನ್ನು ದಡಕ್ಕೆ ಎಳೆದು ಚಾ ಕುಡಿಯಲು ಹೋಗುತ್ತಿದ್ದೆ. ಬಂದು ಮುಟ್ಟಿದರೆ ಕೊಳವೆ ಡೋಲಿನ ಹಾಗೆ ಬಿಗಿ. ನಾನು ವಿಜ್ಞಾನ ಪಾಠ ಮಾಡುವವನು, ಆದರೂ ಮನೆಗೆ ಬಂದು ಪೆನ್ಸಿಲ್ ಹಿಡಿಯುವ ತನಕ ತಲೆಗೆ ಹೋಗಲಿಲ್ಲ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ. ಹೊರಗಿನ 14.7 ಸೇರಿಸಿದರೆ ಒಳಗಿರುವುದು 16.7. ಒಳಗಿನ ಗಾಳಿ 25 ಡಿಗ್ರಿಯಿಂದ 45ಕ್ಕೆ ಏರಿದರೆ ಆ 16.7 ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಅಂದರೆ ಗೇಜಿನಲ್ಲಿ 2 ಇದ್ದದ್ದು 3 ಆಗುತ್ತದೆ, ಹೊಲಿಗೆಗೆ ಒಂದೂವರೆ ಪಟ್ಟು ಭಾರ. ದಡಕ್ಕೆ ಎಳೆದರೆ ನೆರಳಿಗೇ ಎಳೆಯಿರಿ, ಇಲ್ಲವಾದರೆ ಸ್ವಲ್ಪ ಗಾಳಿ ಬಿಡಿ. ಕಾರಿಗೆ ಚುಚ್ಚುವ ಎಲೆಕ್ಟ್ರಿಕ್ ಪಂಪ್ ಕೊಳವೆಯ ಆಕಾರ ಬರಿಸಲು ಸಾಕು. ನನ್ನದು ಕೊನೆಯ ಒತ್ತಡ ಕೊಡುವುದಿಲ್ಲ, ಅದಕ್ಕೆ ಕೈಪಂಪೇ ಬೇಕು.

ಕೊಳ್ಳುವಾಗ ನಾನು ಕುರ್ಚಿ ನೋಡಿದೆ, ಕಪ್ ಇಡುವ ಜಾಗ ನೋಡಿದೆ, ಬಣ್ಣ ಕೂಡ ನೋಡಿದೆ. ಮಗುಚಿ ತಳ ನೋಡಲಿಲ್ಲ. ಸೇತುವೆಯ ಕಂಬಗಳಿಗೆ ಸಿಂಪಿ ಅಂಟಿಕೊಂಡಿರುತ್ತದಲ್ಲ, ಅದರ ಅಂಚು ಬ್ಲೇಡಿಗಿಂತ ಹರಿತ. ಎರಡನೇ ವರ್ಷ ಕಂಬಕ್ಕೆ ಒಮ್ಮೆ ಸವರಿದ್ದಕ್ಕೆ ಎಡ ಕೊಳವೆಯಲ್ಲಿ ಗೇಣುದ್ದ ಗೀರು. ಪುಣ್ಯಕ್ಕೆ ಹೊರಗಿನ ಕವಚ ಬೇರೆ, ಒಳಗಿನ ಗಾಳಿ ಚೀಲ ಬೇರೆ. ಕವಚ ಸೀಳಿತು, ಚೀಲ ಉಳಿಯಿತು. ತಳಕ್ಕೆ ದಪ್ಪ ಪಿವಿಸಿ, ಮೇಲಕ್ಕೆ ನೈಲಾನ್ ಇರುವ ದೋಣಿಗಳಿವೆ. ನನ್ನದರಲ್ಲಿ ಆ ದಪ್ಪ ಪಿವಿಸಿ ಅರ್ಧಕ್ಕೇ ನಿಲ್ಲುತ್ತದೆ, ಗೀರಿದ್ದು ಅದರ ಎರಡು ಬೆರಳು ಮೇಲೆ.

ಅವತ್ತು ಚೀಲವೂ ಹರಿದಿದ್ದರೆ? ನನ್ನ ದೋಣಿಗೆ ಬದಿಗೊಂದೇ ಚೀಲ. ಒಂದು ಹೋದರೆ ದೋಣಿ ಆ ಬದಿಗೆ ಮಗುಚುವುದೇ. ಒಂದೊಂದು ಬದಿಗೂ ಎರಡೆರಡು ಕೋಣೆ ಇರುವುದು ಸಿಕ್ಕಿದರೆ ದುಡ್ಡು ಜಾಸ್ತಿಯಾದರೂ ಅದನ್ನೇ ತಗೊಳ್ಳಿ. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ದೋಣಿ ಮಗುಚಿ 22 ಜನ ಹೋದ ಮೇಲೆ ಅಮ್ಮ ಲೈಫ್ ಜಾಕೆಟನ್ನು ಬಾಗಿಲಿನ ಮೊಳೆಗೇ ನೇತುಹಾಕಿದ್ದಾರೆ. ಅದನ್ನು ದಾಟಿ ಹೊರಗೆ ಹೋಗಲು ಆಗುವುದಿಲ್ಲ. (ಮೊಸಳೆ ಉಂಟಾ ಅಂತ ಮಕ್ಕಳು ಕೇಳುತ್ತಾರೆ. ಬಬಿಯಾ ಅನ್ನುವ ಹೆಸರಾಂತ ಮೊಸಳೆ ಇದ್ದದ್ದು ಅನಂತಪುರ ದೇವಸ್ಥಾನದ ಕೆರೆಯಲ್ಲಿ, ಹೊಳೆಯಲ್ಲಿ ಅಲ್ಲ.)

ಉಪ್ಪುನೀರಿಗೆ ಕಬ್ಬಿಣದ ಚೌಕಟ್ಟು ಸರಿಯಲ್ಲ. ಬಣ್ಣ ಹಾಕಿದ್ದಾರೆ, ಆದರೆ ಪೈಪಿನ ತುದಿಯ ಒಳಗೆ ಬಣ್ಣ ಇಲ್ಲ. ಪೈಪುಗಳನ್ನು ಜೋಡಿಸುವ ಸ್ಪ್ರಿಂಗ್ ಗುಂಡಿಗಳು ಆರು ತಿಂಗಳಲ್ಲಿ ಹಿಡಿದುಕೊಂಡವು. ಪ್ರತಿ ಸಲ ಬಾವಿ ನೀರಿನಲ್ಲಿ ತೊಳೆದು ಗ್ರೀಸ್ ಹಚ್ಚಿದ ಮೇಲೆ ಪರವಾಗಿಲ್ಲ. ಸಿಹಿನೀರಿನ ಕೆರೆಗೆ ಮಾತ್ರ ಇಳಿಸುವವರಿಗೆ ಈ ತಲೆನೋವು ಅಷ್ಟಾಗಿ ಇರಲಾರದು. ನಮ್ಮ ಹಾಗೆ ಹಿನ್ನೀರಿನಲ್ಲಿ ಓಡಾಡುವವರು ಅಲ್ಯುಮಿನಿಯಂ ಚೌಕಟ್ಟೇ ಹುಡುಕಿ.

ಮಳೆಗಾಲದಲ್ಲಿ, ಜೂನಿನಿಂದ ಸೆಪ್ಟೆಂಬರ್ ತನಕ, ದೋಣಿ ಅಟ್ಟದಲ್ಲಿ. ಎರಡು ವರ್ಷ ಏನೂ ಆಗಲಿಲ್ಲ. 2025ರಲ್ಲಿ ಅಡಿಕೆ ಗೋಣಿಗಳ ಪಕ್ಕ ಇಟ್ಟೆ. ಅಕ್ಟೋಬರಿನಲ್ಲಿ ಬಿಡಿಸಿದರೆ ಬಲ ಕೊಳವೆಯ ಮಡಿಕೆಗಳಲ್ಲಿ ಸಾಲಾಗಿ ಒಂಬತ್ತು ತೂತು, ಇಲಿಯ ಕೆಲಸ. ಮಡಚಿಟ್ಟದ್ದಕ್ಕೆ ಒಂದೇ ಕಡಿತ ಮೂರು ಪದರ ದಾಟಿದೆ. ಸೋಪಿನ ನೀರು ಹಚ್ಚಿ ಗುಳ್ಳೆ ಎಣಿಸಿದೆ, ಮರಳು ಕಾಗದದಲ್ಲಿ ಉಜ್ಜಿ ತೇಪೆ ಹಾಕಿದೆ. ಎಂಟು ನಿಂತವು. ಒಂಬತ್ತನೆಯದು ವಾಲ್ವಿನ ಬುಡದಲ್ಲಿದೆ, ಅಲ್ಲಿ ತೇಪೆ ಕೂರುವುದಿಲ್ಲ.

ಮತ್ತೆ ಕೊಳ್ಳುತ್ತೇನಾ ಅಂದರೆ, ಪಾಂಟೂನನ್ನೇ ಕೊಳ್ಳುತ್ತೇನೆ, ಈ ಪಾಂಟೂನನ್ನು ಅಲ್ಲ. ದುಡ್ಡು ಕೊಡುವ ಮೊದಲು ಒಳಗಿನ ಚೀಲ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಸಿಗುತ್ತದೆ ಅಂದರೆ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ. ಎರಡು ವಾರದಲ್ಲಿ ಬರುತ್ತದೆ ಅಂದ ಚೀಲಕ್ಕೆ ಈಗ ಒಂಬತ್ತು ವಾರ ಆಯಿತು. ಈ ಭಾನುವಾರವೂ ಇಚ್ಚನ ದೋಣಿಯಲ್ಲೇ, ಹಿಂದೆ ಕೂತು.