ಕಲಿಕೆಯಲ್ಲಿ ಸೊರಗಿದ ನಗರದ ಪ್ರೌಢಶಾಲೆಗೆ ಕೋಲಿಬ್ರಿ ತಂತ್ರಾಂಶ

ಒಂಬತ್ತನೇ ತರಗತಿಯ ಬೀಜಗಣಿತದಲ್ಲಿ ಎಡವುವ ಮಕ್ಕಳ ತೊಡಕನ್ನು ಕೆದಕಿದರೆ ಭಿನ್ನರಾಶಿ, ಋಣಸಂಖ್ಯೆ, ಭಾಗಾಕಾರ ಸಿಗುತ್ತವೆ. ನಡುವರ್ಷದಲ್ಲಿ ಸೇರಿದವರು, ಆಗಾಗ ಗೈರಾಗುವವರು, ಮನೆಮಾತು ಬೇರೆ ಇರುವವರು ಒಂದೇ ಕೋಣೆಯಲ್ಲಿ ಕೂತಾಗ ಯಾರಿಗೆ ಯಾವ ಕೊಂಡಿ ತಪ್ಪಿದೆ ಎಂದು ಹುಡುಕುವುದೇ ಶಿಕ್ಷಕರ ದೊಡ್ಡ ಕೆಲಸ. ಲರ್ನಿಂಗ್ ಈಕ್ವಾಲಿಟಿ ಸಂಸ್ಥೆಯ ಉಚಿತ ಕಲಿಕಾ ತಂತ್ರಾಂಶ ಕೋಲಿಬ್ರಿ ಈ ಹುಡುಕಾಟಕ್ಕೆ ಒದಗುತ್ತದೆ.

ಸರ್ವರ್ ಆಗಿ ಒಂದು ಹಳೆಯ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಜೊತೆಗೆ ಒಂದು ವೈಫೈ ರೂಟರ್ ಇದ್ದರೆ ಸಾಕು. ಪಾಠಗಳನ್ನು ಒಮ್ಮೆ ಇಂಟರ್ನೆಟ್‌ನಿಂದಲೋ ಪೆನ್‌ಡ್ರೈವ್‌ನಿಂದಲೋ ತುಂಬಿಕೊಂಡರೆ ಆಮೇಲೆ ಇಂಟರ್ನೆಟ್ ಬೇಡ. ಮಕ್ಕಳು ಟ್ಯಾಬ್, ಫೋನ್‌ನಂಥ ಸಾಧನಗಳ ಬ್ರೌಸರ್‌ನಲ್ಲೇ ತೆರೆಯಬಹುದು. ಇಡೀ ಚಾನೆಲ್, ಅಂದರೆ ಪಾಠಗಳ ಪೂರ್ತಿ ಸಂಗ್ರಹ, ಇಳಿಸಿಕೊಂಡರೆ ಡಿಸ್ಕ್ ತುಂಬಿಹೋಗಬಹುದು, ಬೇಕಾದ ವಿಷಯಗಳನ್ನಷ್ಟೇ ಆರಿಸಿ.

ಮೊದಲ ವಾರ ಹೊಸ ಪಾಠ ಬೇಡ. ಐದರಿಂದ ಏಳನೇ ತರಗತಿಯ ಗಣಿತದಿಂದ 20 ಪ್ರಶ್ನೆಗಳ ಕ್ವಿಜ್ ಕೊಡಿ. ಹೆಚ್ಚು ಮಂದಿ ತಪ್ಪಿದ ಪ್ರಶ್ನೆಗಳು ವರದಿಯಲ್ಲಿ ಕಾಣುತ್ತವೆ. ಅದನ್ನು ನೋಡಿ ಮೂರು-ನಾಲ್ಕು ಗುಂಪು ಮಾಡಿ, ಒಂದೊಂದಕ್ಕೂ ಎರಡು ಅಭ್ಯಾಸಗಳ ಪಾಠ ಹಚ್ಚಿ. ಇಡೀ ತರಗತಿಗೆ ಒಂದೇ ಪಾಠ ಹಚ್ಚಿದರೆ ಈ ತಂತ್ರಾಂಶ ಬಳಸಿ ಪ್ರಯೋಜನವಿಲ್ಲ: ಹಿಂದುಳಿದವರು ಊಹೆಯಲ್ಲಿ ಒತ್ತುತ್ತಾರೆ, ಮುಂದಿರುವವರು ಹತ್ತು ನಿಮಿಷಕ್ಕೆ ಮುಗಿಸಿ ಸುಮ್ಮನಿರುತ್ತಾರೆ.

ಕೆಡುವ ಜಾಗಗಳೂ ಇವೆ. ಇಬ್ಬರು ಒಂದೇ ಲಾಗಿನ್ ಬಳಸಿದರೆ ವರದಿ ಸುಳ್ಳಾಗುತ್ತದೆ. ಸಾಧನ ಕಡಿಮೆಯಿದ್ದರೆ ಪಾಳಿ ಹಾಕುವುದು ಲೇಸು. ಸಾಧಾರಣ ಮನೆಬಳಕೆಯ ರೂಟರ್‌ನಲ್ಲಿ 30 ಮಂದಿ ಒಟ್ಟಿಗೆ ವಿಡಿಯೊ ತೆರೆದರೆ ಎಲ್ಲವೂ ನಿಲ್ಲಬಹುದು, ಬರೀ ಅಭ್ಯಾಸಗಳನ್ನು ತೆರೆದರೆ ಅಷ್ಟು ತೊಡಕಾಗದು. ರೂಟರ್ ಬಂದ್ ಮಾಡಿ ಮತ್ತೆ ಹಚ್ಚಿದಾಗ ಸರ್ವರ್‌ನ ಐಪಿ ವಿಳಾಸ (ಬ್ರೌಸರ್‌ನಲ್ಲಿ ಒತ್ತುವ ಅಂಕಿಗಳ ವಿಳಾಸ) ಬದಲಾಗಿ ಮಕ್ಕಳಿಗೆ ಪುಟ ಸಿಗದೇ ಹೋಗಬಹುದು. ಅದನ್ನು ರೂಟರ್‌ನಲ್ಲೇ ಸ್ಥಿರಗೊಳಿಸಿ. ಗುಪ್ತಪದ ಮರೆಯುವ ಗೋಳಿಗೆ, ಗುಪ್ತಪದವಿಲ್ಲದೆ ಪ್ರವೇಶ ಕೊಡುವ ಆಯ್ಕೆ ಇದೆ.

ಓದಿನ ತೊಡಕಿಗೆ ಇದರ ನೆರವು ಕಡಿಮೆ. ಪ್ರಶ್ನೆಯ ವಾಕ್ಯವೇ ಅರ್ಥವಾಗದ ಮಗು ಲೆಕ್ಕ ಬಂದರೂ ತಪ್ಪುತ್ತದೆ, ಆದರೆ ವರದಿಯಲ್ಲಿ ಅದು ಗಣಿತದ ತಪ್ಪಾಗಿಯೇ ಕಾಣುತ್ತದೆ. ಮಗು ತಪ್ಪಿದ ಪ್ರಶ್ನೆಗಳಲ್ಲಿ ಒಂದೆರಡನ್ನು ಗಟ್ಟಿಯಾಗಿ ಓದಿಸಿ ನೋಡದೆ ಗುಂಪು ಬದಲಿಸಬೇಡಿ. ಪ್ರಬಂಧ, ಬರವಣಿಗೆಯ ತಿದ್ದುಪಡಿ ಶಿಕ್ಷಕರ ಕೈಯಲ್ಲೇ ಉಳಿಯುತ್ತದೆ. ವಾರಕ್ಕೊಂದು ಅವಧಿಯನ್ನು ವರದಿ ನೋಡುವುದಕ್ಕೆಂದೇ ವೇಳಾಪಟ್ಟಿಯಲ್ಲಿ ಬಿಡಿಸಿಕೊಡಲಾಗದ ಶಾಲೆ ಇದನ್ನು ಹಾಕಿಸಿಕೊಳ್ಳುವುದು ಬೇಡ.