ಶೆಡ್ಡಿನಲ್ಲಿ ನಿಂತ ಗಾಡಿಗೆ ಐಎಂಟಿ 11: ಯಾರಿಗೆ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ

ಆರು ತಿಂಗಳು ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟವರು, ಹಳೇ ಪದ್ಮಿನಿಯನ್ನೋ ಯೆಜ್ದಿಯನ್ನೋ ರಿಪೇರಿಗೆ ದುಡ್ಡು ಹೊಂದುವವರೆಗೆ ಕೊಟ್ಟಿಗೆಯಲ್ಲಿ ನಿಲ್ಲಿಸಿದವರು ಸಾಮಾನ್ಯವಾಗಿ ಪಾಲಿಸಿಯನ್ನು ಹಾಗೇ ಬಿಟ್ಟುಬಿಡುತ್ತಾರೆ. ಓಡಿಸದ ಗಾಡಿಗೆ ಇನ್ಶೂರೆನ್ಸ್ ಯಾಕೆ ಎಂಬ ವಾದ. ಕಾನೂನಿನ ಮಟ್ಟಿಗೆ ಅದು ಸರಿಯೇ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಥರ್ಡ್ ಪಾರ್ಟಿ ವಿಮೆ ಕೇಳುವುದು ಸಾರ್ವಜನಿಕ ಸ್ಥಳದಲ್ಲಿ ಬಳಸುವ ಗಾಡಿಗೆ. ಆದರೆ ಲೆಕ್ಕ ಹಾಕಿದರೆ ನಷ್ಟ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಪೂರ್ತಿ ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ ಶೇ. 50 ಮತ್ತೆ ಸೊನ್ನೆಯಿಂದ ಶುರು. ಅಷ್ಟರಲ್ಲಿ ಗಾಡಿ ಕಳುವಾದರೆ ಕೈಗೆ ಒಂದು ಪೈಸೆಯೂ ಬರುವುದಿಲ್ಲ.

ಇದಕ್ಕೊಂದು ಒಳ್ಳೆಯ ದಾರಿ ವಾಹನ ವಿಮೆಯ ನಿಯಮಾವಳಿಯಾದ 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿಯೇ (ಐಎಂಟಿ) ಇದೆ: ಐಎಂಟಿ 11 ಎಂಬ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಅಂಟಿಸುವ ತಿದ್ದುಪಡಿ. ಗಾಡಿ ಗ್ಯಾರೇಜಿನಲ್ಲಿ ಸತತ ಎರಡು ತಿಂಗಳಾದರೂ ನಿಲ್ಲುವುದಿದ್ದರೆ, ಆ ಅವಧಿಗೆ ಪಾಲಿಸಿಯ ಓಡಾಟದ ಭಾಗವನ್ನು ಅಮಾನತಿನಲ್ಲಿಟ್ಟು, ನಿಂತ ಗಾಡಿಗೆ ಬರುವ ಅಪಾಯಗಳಿಗೆ ಮಾತ್ರ ಕವರ್ ಉಳಿಸುತ್ತದೆ. ಅಪಘಾತದ ರಿಪೇರಿಗೆಂದು ವರ್ಕ್‌ಶಾಪಿನಲ್ಲಿ ನಿಂತ ದಿನಗಳು ಇದಕ್ಕೆ ಲೆಕ್ಕವಿಲ್ಲ.

ಇದರಲ್ಲಿ ಮೂರು ರೂಪಗಳಿವೆ. ವಾಪಸು ಬರುವ ತಾರೀಖು ಗೊತ್ತಿದ್ದರೆ 11ಎ. ಗೊತ್ತಿಲ್ಲದಿದ್ದರೆ 11ಬಿ, ಆಮೇಲೆ ಗಾಡಿ ಹೊರತೆಗೆಯುವ ಮುನ್ನ ಅದನ್ನು ಮುಗಿಸುವ 11ಸಿ. ನಮ್ಮ ಸಲಹೆ: ಟಿಕೆಟ್ ಬುಕ್ ಆಗಿದ್ದರೂ ದಿನ ಬದಲಾಗುವ ಸಂಭವವಿದ್ದರೆ 11ಬಿಯನ್ನೇ ಕೇಳಿ. 11ಎ ತೆಗೆದುಕೊಂಡು ಹದಿನೈದು ದಿನ ಮೊದಲೇ ಬಂದವರು ಗಾಡಿಯನ್ನು ಪೆಟ್ರೋಲ್ ಬಂಕಿನವರೆಗೆ ಒಯ್ದರೂ ಥರ್ಡ್ ಪಾರ್ಟಿ ಸೇರಿ ಯಾವ ರಕ್ಷಣೆಯೂ ಇರುವುದಿಲ್ಲ. ಪೊಲೀಸರು ಹಿಡಿದರೆ 196ನೇ ಕಲಂ ಪ್ರಕಾರ ಮೊದಲ ಸಲಕ್ಕೆ 2,000 ರೂಪಾಯಿ ದಂಡವೋ ಮೂರು ತಿಂಗಳವರೆಗಿನ ಜೈಲೋ ಅಥವಾ ಎರಡೂ. ಯಾರಿಗಾದರೂ ಗುದ್ದಿದರೆ ಪರಿಹಾರದ ಹೊರೆ ಮಾಲೀಕರ ತಲೆಯ ಮೇಲೆ.

ಉಳಿಯುವ ಕವರ್ ಯಾವುದು ಎಂಬುದೇ ಇದರ ಜೀವಾಳ. ಬೆಂಕಿ, ಸ್ಫೋಟ, ತಾನೇ ಹೊತ್ತಿಕೊಳ್ಳುವುದು, ಸಿಡಿಲು, ಕನ್ನ, ಕಳ್ಳತನ, ಗಲಭೆ, ಮುಷ್ಕರ, ದುರುದ್ದೇಶದ ಹಾನಿ, ಭಯೋತ್ಪಾದನೆ, ಬಿರುಗಾಳಿ, ನೆರೆ, ಭೂಕಂಪ. ಈ ಪಟ್ಟಿಯನ್ನು ಪಾಲಿಸಿಯ ಮೂಲ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಮೂಲದಲ್ಲಿ ಇದ್ದ ಮೂರು ಇಲ್ಲಿ ಕಾಣುವುದಿಲ್ಲ: ಹೊರಗಿನ ಕಾರಣದಿಂದಾಗುವ ಆಕಸ್ಮಿಕ ಹಾನಿ, ಸಾಗಣೆಯಲ್ಲಿ ಆಗುವ ಹಾನಿ, ಮತ್ತು ಭೂಕುಸಿತ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದು ನೆನಪಿದ್ದವರಿಗೆ ಮೂರನೆಯದರ ತೂಕ ಹೇಳಬೇಕಿಲ್ಲ. ಮಡಿಕೇರಿಯಲ್ಲೋ ಮಲೆನಾಡಿನ ಇಳಿಜಾರಿನಲ್ಲೋ ಮನೆಯಿದ್ದು, ಧರೆಯ ಬುಡದಲ್ಲಿ ಶೆಡ್ ಇದ್ದರೆ ಮಳೆಗಾಲದ ತಿಂಗಳುಗಳಿಗೆ ಐಎಂಟಿ 11 ಬೇಡ. ಪೂರ್ತಿ ಪಾಲಿಸಿಯನ್ನೇ ಇಟ್ಟುಕೊಳ್ಳಿ.

ಮೊದಲನೆಯದು, ಅಂದರೆ ಆಕಸ್ಮಿಕ ಹಾನಿ, ಬಿಟ್ಟುಹೋದ ಪರಿಣಾಮ ಇಲಿ ಕಾಟದಲ್ಲಿ ಕಾಣುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ವೈರಿಂಗ್ ಕಡಿದರೆ ಆ ಖರ್ಚು ನಿಮ್ಮದೇ. ಸತ್ತ ಬ್ಯಾಟರಿ, ಒಂದೇ ಕಡೆ ಭಾರ ಬಿದ್ದು ಚಪ್ಪಟೆಯಾದ ಟೈರು, ತುಕ್ಕು ಹೇಗೂ ಯಾವ ಪಾಲಿಸಿಯಲ್ಲೂ ಇಲ್ಲ. ಸಾಗಣೆಯ ಹಾನಿಯೂ ಪಟ್ಟಿಯಲ್ಲಿಲ್ಲದ್ದರಿಂದ, ನಿಂತ ಗಾಡಿಯನ್ನು ಟೋಯಿಂಗ್ ಮಾಡಿಸಿ ವರ್ಕ್‌ಶಾಪಿಗೆ ಕಳಿಸುವುದಿದ್ದರೂ ಮೊದಲು ಕವರ್ ಪುನಃ ಚಾಲು ಮಾಡಿಸಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಕ್ಲೇಮ್ ಉಂಟು. ಆದರೆ ಮುಳುಗಿದ್ದ ಕಾರನ್ನು ಯಾರೋ ಕೀ ತಿರುಗಿಸಿ ಸ್ಟಾರ್ಟ್ ಮಾಡಿ ಎಂಜಿನ್ ಜಾಮ್ ಆದರೆ ಆ ಭಾಗಕ್ಕೆ ತಕರಾರು ಖಂಡಿತ. ಕೀ ಇಟ್ಟುಕೊಂಡವರಿಗೆ ಇದನ್ನು ಹೇಳಿ ಹೋಗಿ. ಎರಡನೇ ಕೀ ಮಾತ್ರ ನಿಮ್ಮ ಹತ್ತಿರವೇ ಇರಲಿ. ಕಳ್ಳತನದ ಕ್ಲೇಮಿನಲ್ಲಿ ಎರಡೂ ಕೀ ಕೇಳುತ್ತಾರೆ.

ಇನ್ನು ದುಡ್ಡಿನ ವಿಚಾರ. ಪ್ರಯೋಜನ ಎರಡು ಬಗೆಯಲ್ಲಿ ಸಿಗುತ್ತದೆ. ವರ್ಷದ ಪ್ರೀಮಿಯಂ 18,000, ಅದರಲ್ಲಿ ಬೆಂಕಿ ಮತ್ತು ಕಳವಿನ ಪಾಲು 4,500 ಎಂದು ಹಿಡಿಯೋಣ (ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ). ನಾಲ್ಕು ತಿಂಗಳಿಗೆ ಪೂರ್ತಿ ಪ್ರೀಮಿಯಂ 6,000, ಬೆಂಕಿ–ಕಳವಿನದು 1,500. ಒಂದನೇ ಬಗೆಯಲ್ಲಿ ವ್ಯತ್ಯಾಸದ 4,500 ಅನ್ನು ಮುಂದಿನ ನವೀಕರಣದಲ್ಲಿ ಕಳೆಯುತ್ತಾರೆ. ಎರಡನೇ ಬಗೆಯಲ್ಲಿ ನೀವು ಈಗ 1,500 ಕಟ್ಟುತ್ತೀರಿ, ಪಾಲಿಸಿ ನಾಲ್ಕು ತಿಂಗಳು ಮುಂದಕ್ಕೆ ಹೋಗುತ್ತದೆ. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಒಂದನೇ ಬಗೆಯ ಷರತ್ತಿನ ಪ್ರಕಾರ, ನೋ ಕ್ಲೇಮ್ ಬೋನಸ್ಸನ್ನು ಆ ಮೊತ್ತ ಕಳೆದ ಮೇಲೆ ಲೆಕ್ಕ ಹಾಕುತ್ತಾರೆ. ಅಂದರೆ ಶೇ. 50 ಬೋನಸ್ ಇರುವವರಿಗೆ ಸಿಕ್ಕ ರಿಯಾಯಿತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕರಗುತ್ತದೆ. ಬೋನಸ್ ಹೆಚ್ಚಿದ್ದವರು ಅವಧಿ ವಿಸ್ತರಣೆಯನ್ನೇ ಕೇಳಿ ಪಡೆಯಿರಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವವರಿಗೆ ಬೆಂಕಿ–ಕಳವಿನ ಸಾಲುಗಳನ್ನೇ ಹೊಡೆದುಹಾಕುತ್ತಾರೆ. ಅವರಿಗೆ ದಿನಗಳು ಉಳಿಯುತ್ತವೆ ಅಷ್ಟೇ, ಗಾಡಿಗೆ ರಕ್ಷಣೆ ಇಲ್ಲ.

ಪಡೆಯುವುದು ಸ್ವಲ್ಪ ತ್ರಾಸದ ಕೆಲಸ. ಕಂಪನಿಗಳ ಆಪ್‌ನಲ್ಲಿ ಇದರ ಬಟನ್ ಸಿಗುವುದು ಅಪರೂಪ, ಕಾಲ್ ಸೆಂಟರಿನವರಿಗೆ ಹೆಸರೇ ಹೊಸದು. ಬ್ರಾಂಚಿಗೆ ಲಿಖಿತ ಅರ್ಜಿ ಕೊಟ್ಟು, ‘ಐಎಂಟಿ 11’ ಎಂದೇ ನಮೂದಿಸಿ. ಪಾಲಿಸಿ ನಂಬರ್, ಎಂಜಿನ್ ಮತ್ತು ಚಾಸಿ ನಂಬರ್, ಗ್ಯಾರೇಜಿನ ವಿಳಾಸ, ಶುರುವಾಗುವ ದಿನ, ಓಡೋಮೀಟರಿನ ಫೋಟೊ ಇರಲಿ. ಗಾಡಿ ನಿಲ್ಲಿಸುವ ಮೊದಲೇ ಅರ್ಜಿ ತಲುಪಿ ಸ್ವೀಕೃತಿ ಕೈಗೆ ಬರಬೇಕು. ಹಿಂದಿನ ದಿನಾಂಕಕ್ಕೆ ಯಾರೂ ಕೊಡುವುದಿಲ್ಲ. ರಸ್ತೆ ಬದಿಯಲ್ಲಿ ಕವರ್ ಹೊದಿಸಿ ನಿಲ್ಲಿಸಿದ್ದು ಗ್ಯಾರೇಜ್ ಆಗುವುದಿಲ್ಲ. ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆಯನ್ನೂ ಪಡೆದುಕೊಳ್ಳಿ.

ನಿಂತಲ್ಲಿಯೇ ಆರ್‌ಸಿ (ನೋಂದಣಿ ಪತ್ರ) ಅವಧಿ ಮುಗಿಯುವ ಗಾಡಿಗಳದ್ದು ಬೇರೆ ಕಥೆ. ಸುಶೀಲ್ ಕುಮಾರ್ ಗೋದಾರಾ ಪ್ರಕರಣದಲ್ಲಿ, ತಾತ್ಕಾಲಿಕ ನೋಂದಣಿ ಮುಗಿದಿದ್ದ ಬೊಲೆರೋ ಜೋಧಪುರದ ಗೆಸ್ಟ್‌ಹೌಸ್ ಹೊರಗೆ ಕಳುವಾಗಿತ್ತು. ಪಾಲಿಸಿ ಜಾರಿಯಲ್ಲಿದ್ದರೂ ಕ್ಲೇಮ್ ಕೊಡಬೇಕಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಗಾಡಿಯನ್ನು ನೋಂದಣಿಯಿಲ್ಲದೆ ರಸ್ತೆಯಲ್ಲಿ ಓಡಿಸಿದ್ದೇ ಮುಖ್ಯವಾಯಿತು ನಿಜ. ಆದರೂ ನಷ್ಟ ಅಳೆಯಲು ಬರುವ ವಿಮಾ ಸರ್ವೇಯರ್ ಮೊದಲು ನೋಡುವುದು ಆರ್‌ಸಿಯನ್ನೇ. ಖಾಸಗಿ ಕಾರಿನ 15 ವರ್ಷ ನಿಲುಗಡೆಯ ನಡುವೆ ಮುಗಿಯುವಂತಿದ್ದರೆ ಗಾಡಿಯನ್ನು ಈಗಲೇ ಒಳಗಿಡಬೇಡಿ. ನೋಂದಣಿ ನವೀಕರಣದ ಫಾರಂ 25ರ ಅರ್ಜಿಯನ್ನು ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಹಾಕಿ, ತಪಾಸಣೆ ಮುಗಿಸಿ, ಹೊಸ ಆರ್‌ಸಿ ಬಂದ ಮೇಲೆ ಐಎಂಟಿ 11ಕ್ಕೆ ಅರ್ಜಿ ಕೊಡಿ.